ವಿಕಾರಾಬಾದಿನ ಬೆಂಚಿನ ಮೇಲಿನ ಡಬ್ಬಿ

ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಯಾವ ಹುಡುಗಿಗೂ "ಹೋಗಬೇಡ" ಅಂದದ್ದನ್ನು ನಾನು ಕೇಳಿಲ್ಲ. ಆಕೆ ಕಥೆ ಹೇಳುತ್ತಿದ್ದಳು, ಅಷ್ಟೇ. ತೊಗರಿಬೇಳೆ ಹಸನು ಮಾಡುತ್ತ, ಮೊರದೊಳಗಿನ ಕಲ್ಲನ್ನು ಉಗುರಿನಿಂದ ಅತ್ತ ಹಾರಿಸುತ್ತ, ಯಾರಿಗೂ ಹೇಳುತ್ತಿಲ್ಲವೇನೋ ಅನ್ನುವ ಹಾಗೆ ಹೇಳುತ್ತಿದ್ದಳು. ಕೇಳಬೇಕಾದವಳು ಮಾತ್ರ ಅಲ್ಲೇ ಎಲ್ಲೋ ಕಸ ಗುಡಿಸುತ್ತಲೋ ಹೂವು ಕಟ್ಟುತ್ತಲೋ ಇರುತ್ತಿದ್ದಳು.

ಕಥೆ ಸಣ್ಣದು. ಜಹೀರಾಬಾದ್ ಕಡೆಯ ಒಬ್ಬಳು ಹುಡುಗಿ ತಾಂಡೂರಿಗೆ ಓದಲು ಹೊರಟಳು. ತೆಲಂಗಾಣದ ಗಡಿಯಂಚಿನ ನಮ್ಮ ಕಡೆಯಿಂದ ತಾಂಡೂರಿಗೆ ರೈಲಿನಲ್ಲಿ ಹೋಗುವವರು ವಿಕಾರಾಬಾದಿನಲ್ಲಿ ಗಾಡಿ ಬದಲಿಸಬೇಕು. ಅದು ಈಗಲೂ ಹಾಗೆಯೇ. ಹುಡುಗಿ ಇಳಿಯುವಷ್ಟರಲ್ಲಿ ಮುಂದಿನ ಗಾಡಿ ಹೋಗಿಬಿಟ್ಟಿತ್ತು. ಕಲ್ಲಿನ ಬೆಂಚಿನ ಮೇಲೆ ಕೂತಳು. ಪಕ್ಕದಲ್ಲಿ ರೊಟ್ಟಿಯ ಡಬ್ಬಿ ಇಟ್ಟುಕೊಂಡಳು. ಒಬ್ಬ ಮನುಷ್ಯ ಬಂದ. "ಎಲ್ಲಿಗಿ ಹೋಗ್ಬೇಕವ್ವಾ?" ಅಂದ. ತಾಂಡೂರಿಗೆ ಅಂದಳು. "ಗಾಡಿ ಆ ಕಡಿ ಬರ್ತದ, ಬಾ" ಅಂದ.

ಇಲ್ಲಿ ಆಯಿ ಮೊರ ಕೊಡವುತ್ತಿದ್ದಳು. ಬೇಳೆ ಜರ್ರನೆ ಸರಿಯುವ ಸಪ್ಪಳ ನಿಂತ ಮೇಲೆಯೇ ಮುಂದಿನ ಮಾತು.

"ಸಂಜೀಕ ನೋಡಿದ್ರ ಬೆಂಚಿನ ಮ್ಯಾಲ ಡಬ್ಬಿ ಒಂದೇ ಇತ್ತು. ಮುಚ್ಚಳ ತಗದಿರಲಿಲ್ಲ. ರೊಟ್ಟಿ ಮುರದಿರಲಿಲ್ಲ."

"ಮುಂದ, ಆಯಿ?"

"ಮುಂದೇನು? ಏನಾಗಬಾರ್ದೋ ಅದಾತು."

ಆ ಏನಾಗಬಾರದದ್ದು ಏನೆಂದು ಆಕೆ ಯಾವತ್ತೂ ಬಿಡಿಸಿ ಹೇಳಲಿಲ್ಲ. ಹೇಳಿದ್ದರೆ ನಾವು ಒಂದು ದಿನ ಅತ್ತು ಮರೆತುಬಿಡುತ್ತಿದ್ದೆವು. ಹೇಳದೆ ಬಿಟ್ಟದ್ದರಿಂದ ನಾವು ಒಬ್ಬೊಬ್ಬರೂ ನಮ್ಮ ನಮ್ಮ ಕೆಟ್ಟ ಕನಸನ್ನು ತಂದು ಅಲ್ಲಿ ತುಂಬಿಕೊಂಡೆವು. ನಾನಂತೂ ಆ ಮನುಷ್ಯನ ಮುಖವನ್ನೂ ಮಾಡಿಕೊಂಡಿದ್ದೆ. ಮೀಸೆ ಇರಲಿಲ್ಲ ಅವನಿಗೆ. ನಗುತ್ತಿದ್ದ.

ನನಗೆ ತಾಂಡೂರಿನಲ್ಲಿ ಮಾಸ್ತರಿಕೆಯ ತರಬೇತಿಗೆ ಸೀಟು ಸಿಕ್ಕಾಗ ಅಪ್ಪ ಬೇಡ ಅನ್ನಲಿಲ್ಲ. ಅಣ್ಣ ಹೊಸ ಟ್ರಂಕು ತಂದಿದ್ದ. ಆ ಮಧ್ಯಾಹ್ನ ಆಯಿ ಬೇಳೆ ಹಸನು ಮಾಡಿದಳು. ಮರುದಿನ ಬೆಳಿಗ್ಗೆ ನಾನೇ ಹೋಗುವುದಿಲ್ಲ ಅಂದೆ. ಟ್ರಂಕಿನಲ್ಲಿ ಆಮೇಲೆ ಕೌದಿಗಳನ್ನು ಇಟ್ಟರು. ಮನೆಯವರೆಲ್ಲ ಬಂದ ನೆಂಟರಿಗೆ ಹೇಳಿದ್ದು ಒಂದೇ ಮಾತು: "ನಾವು ತಡೀಲಿಲ್ಲರಿ. ಆಕೀನೇ ಒಲ್ಲೆ ಅಂದ್ಳು." ಅದು ಖರೇನೂ ಆಗಿತ್ತು.

ನಾನು ಮಾತು ಕಲಿತದ್ದು ಆಯಿಯಿಂದಲೇ. ಎಲ್ಲಿ ದನಿ ತಗ್ಗಿಸಬೇಕು, ಎಲ್ಲಿ ಕೈಕೆಲಸ ನಿಲ್ಲಿಸಬೇಕು, ಯಾವ ಮಾತನ್ನು ಹಲ್ಲಿನ ಹಿಂದೆಯೇ ಉಳಿಸಿಕೊಳ್ಳಬೇಕು, ಎಲ್ಲವೂ ಆಕೆಯದೇ. ಜಹೀರಾಬಾದಿಗೆ ಮದುವೆಯಾಗಿ ಬಂದ ಮೇಲೆ ಮದುವೆಮನೆ, ತೊಟ್ಟಿಲಮನೆಗಳಲ್ಲಿ ನನ್ನ ಸುತ್ತ ಜನ ಕೂಡುತ್ತಿದ್ದರು. ಡಬ್ಬಿಯ ಕಥೆಯನ್ನು ನಾನೂ ಹೇಳುತ್ತಿದ್ದೆ, ದೆವ್ವದ ಕಥೆ ಹೇಳಿದ ಹಾಗೆ. ಆದರೆ ಚೀಲ ಕಟ್ಟಿಟ್ಟುಕೊಂಡು ಕೂತ ಹುಡುಗಿಯ ಎದುರು ಹೇಳುವ ಪ್ರಸಂಗ ನನಗೆ ಬಂದಿರಲಿಲ್ಲ.

ಅದು ಈಚೆಗೆ ಬಂತು.

ಅಣ್ಣನ ಮಗಳಿಗೆ ತಾಂಡೂರಿನ ಒಂದು ದಾಲ್ ಮಿಲ್ಲಿನಲ್ಲಿ ಕೆಲಸ ಸಿಕ್ಕಿತು. ಕೆಮಿಸ್ಟ್ರಿ ಓದಿದವಳು. ಬರುವ ತೊಗರಿಯ ಹಸಿ ಎಷ್ಟು, ಹುಳು ಎಷ್ಟು, ಜೊಳ್ಳೆಷ್ಟು ಎಂದು ಪರೀಕ್ಷೆ ಮಾಡಿ ಹೇಳುವ ಕೆಲಸ. ಹೆಣ್ಣುಮಕ್ಕಳಿಗೆ ಉಳಿಯಲು ಜಾಗವೂ ಇತ್ತು. ಸೋಮವಾರ ಹಾಜರಾಗಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಮಿಲ್ಲಿನವರು ಫೋನಿನಲ್ಲಿ ಹೇಳಿದ್ದರು. ಶುಕ್ರವಾರ ಅಣ್ಣ ನನಗೆ ಫೋನು ಮಾಡಿದ. "ನೀ ಬಾ. ನಿನ್ನ ಮಾತು ಕೇಳ್ತಾಳ" ಅಂದ. ಯಾವ ಮಾತು ಎಂದು ನಾನು ಕೇಳಲಿಲ್ಲ.

ಅಣ್ಣನ ಮನೆ ಮನೂರ್ ಕಡೆಯ ಹಳ್ಳಿಯಲ್ಲಿ. ನಾರಾಯಣಖೇಡದಲ್ಲಿ ಬಸ್ಸಿಳಿದು ಶೇರ್ ಆಟೋದಲ್ಲಿ ಕೂತೆ. ಆಟೋ ತುಂಬುವ ತನಕ ನನ್ನ ಕೈ ಸುಮ್ಮನೆ ಸೆರಗು ಮಡಚುತ್ತಲೇ ಇತ್ತು. ಮನೆ ಮುಟ್ಟಿದಾಗ ಪಡಸಾಲೆಯಲ್ಲಿ ಕಾಕಾ ಕೂತಿದ್ದರು.

ಕಾಕಾ ಅಪ್ಪನ ತಮ್ಮ. ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಹೊಲದ ಬದುವಿನ ಜಗಳವಿರಲಿ, ಅಣ್ಣತಮ್ಮಂದಿರ ಪಾಲಿರಲಿ, ಸುತ್ತಲಿನವರು ಅವರನ್ನೇ ಕರೆಯುವುದು. ಅವರು ಸಿಟ್ಟಾದದ್ದನ್ನು ನಾನು ನೋಡಿಲ್ಲ. ನನಗೆ ಅವರ ಅಂಜಿಕೆ ಇರುವುದು ಅದಕ್ಕೇ. ಕೂಗುವವರ ಎದುರು ಕೂಗಬಹುದು. ಕಾಕಾ ಎದುರಿನವರ ಬಾಯಿಂದಲೇ ತಮ್ಮ ತೀರ್ಮಾನವನ್ನು ಹೇಳಿಸಿ, ಆಮೇಲೆ ಅವರಿಗೇ ಶಹಭಾಸ್ ಅನ್ನುತ್ತಾರೆ.

"ಬಾ ತಾಯಿ, ಕೂಡು" ಎಂದು ಹುಡುಗಿಯನ್ನು ಎದುರಿಗೆ ಕರೆದರು. "ನಮ್ಮ ಮನಿತನದಾಗ ನಿನ್ನಂಥಾ ಶಾಣ್ಯಾಕಿ ಹುಟ್ಟಿಲ್ಲ. ಇದು ಮೊದಲು ಹೇಳ್ಬೇಕು ನಾ."

"ಹೇಳ್ರಿ ಸಣ್ಣ ಮುತ್ಯಾ. ಇನ್ನೂ ಹೇಳ್ರಿ" ಅಂದಳು ಅವಳು. ಅವರು ಅವಳಿಗೆ ಸಣ್ಣ ಮುತ್ಯಾ, ಅಂದರೆ ಚಿಕ್ಕ ತಾತ.

ಎಲ್ಲರೂ ನಕ್ಕರು. ಕಾಕಾನೂ ನಕ್ಕರು. "ನಾವು ಹೋಗಬ್ಯಾಡ ಅಂತೀವೇನು? ಇಲ್ಲ. ನಾವು ಶರಣರ ಹಾದಿಯವರು. ಗಂಡಿಗೊಂದು ಹೆಣ್ಣಿಗೊಂದು ಅನ್ನೋ ಮಾತು ನಮ್ಮಲ್ಲಿ ಇಲ್ಲ. ನಿನ್ನ ಕೊಳ್ಳಾಗೂ ಲಿಂಗ ಅದ, ನನ್ನ ಕೊಳ್ಳಾಗೂ ಅದ. ಹೌದಿಲ್ಲೋ?"

"ಹೌದ್ರಿ."

"ಮತ್ತ, ಹುಟ್ಟಿದಾಗೇ ಸಮ ಆದಾಕಿ ಹೊರಗ ಹೋಗಿ ಯಾರ ಮುಂದ ತೋರ್ಸಬೇಕವ್ವಾ? ಬ್ಯಾರೆಯವರ ಹೆಣ್ಮಕ್ಕಳು ಹೋಗ್ತಾರ, ಅವ್ರಿಗಿ ಮನ್ಯಾಗ ಕಿಮ್ಮತ್ತಿಲ್ಲ, ಅದಕ್ಕ ಹೋಗ್ತಾರ. ನಿನಗ ಏನು ಕಮ್ಮಿ ಅದ?"

ಈ ವಾದವನ್ನು ನಾನು ಹುಟ್ಟಿದಾಗಿನಿಂದ ಕೇಳಿದ್ದೇನೆ. ನಮ್ಮವರ ಬಾಯಲ್ಲಿ ಇದು ಎಷ್ಟು ನುಣ್ಣಗಾಗಿದೆಯೆಂದರೆ, ಹಿರಿಯರು ಬಾಗಿಲು ತೆರೆದಿಟ್ಟ ಮಾತಿನಿಂದಲೇ ಬಾಗಿಲು ಮುಚ್ಚುತ್ತಿದ್ದೇವೆ ಎಂಬುದು ಹೇಳುವವರಿಗೂ ಗೊತ್ತಾಗುವುದಿಲ್ಲ. ಕಾಕಾನಿಗೆ ಅದರಲ್ಲಿ ಮೋಸವಿರಲಿಲ್ಲ. ಅವರ ಕಣ್ಣು ಒದ್ದೆಯಾಗಿತ್ತು.

"ಕಮ್ಮಿ ಏನಿಲ್ರಿ. ಪಗಾರ ಇಲ್ಲ, ಅದೊಂದೇ" ಅಂದಳು ಹುಡುಗಿ.

ಕಾಕಾ ನನ್ನ ಕಡೆ ತಿರುಗಿದರು. "ತಂಗೀ, ಆಯಿ ಒಂದು ಕಥಿ ಹೇಳ್ತಿದ್ಳಲ್ಲ. ನಿನ್ನಂಗ ಯಾರಿಗೂ ಬರಲ್ಲ ಅದು. ಜರಾ ಹೇಳು. ಸುಮ್ನ."

ಅಣ್ಣ ನೆಲ ನೋಡುತ್ತಿದ್ದ. ವೈನಿ, ಅಂದರೆ ಅಣ್ಣನ ಹೆಂಡತಿ, ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ನಾನು ಶುರುಮಾಡಿದೆ. ನನ್ನ ದನಿ ನನಗೇ ಆಯಿಯದರ ಹಾಗೆ ಕೇಳಿಸಿತು. ಜಹೀರಾಬಾದ್ ಹುಡುಗಿ, ಹೋಗಿಬಿಟ್ಟ ಗಾಡಿ, ಕಲ್ಲಿನ ಬೆಂಚು, ಆ ಮನುಷ್ಯ. ಕೈಯಲ್ಲಿ ಮೊರವಿರಲಿಲ್ಲ, ಆದರೂ ಕೈ ನಿಂತಿತು. ಮುಚ್ಚಳ ತೆಗೆದಿರಲಿಲ್ಲ, ರೊಟ್ಟಿ ಮುರಿದಿರಲಿಲ್ಲ ಅಂದೆ.

ಹುಡುಗಿ "ಮುಂದ?" ಎಂದು ಕೇಳಲಿಲ್ಲ.

"ಅತ್ಯಾ" ಅಂದಳು. ಅಪ್ಪನ ತಂಗಿಗೆ ನಮ್ಮಲ್ಲಿ ಹಾಗೆನ್ನುತ್ತಾರೆ. "ಆಕಿ ಸಿಗಲಿಲ್ಲ ಅಂದ ಮ್ಯಾಲ, ಆ ಮನುಷ್ಯ ಏನಂದ ಅಂತ ಯಾರು ಹೇಳಿದ್ರು? ಡಬ್ಬಿ ಮನಿಗಿ ಯಾರು ತಂದುಕೊಟ್ರು?"

"ರೇಲ್ವೆಯವರು" ಅಂದರು ಕಾಕಾ.

"ಆಕಿ ಅಣ್ಣ ಹೋಗಿ ತಂದ ಅಂತ ಆಯಿ ಹೇಳ್ತಿದ್ಳು" ಅಂದ ಅಣ್ಣ.

ವೈನಿ ಬಾಗಿಲಲ್ಲೇ ನಿಂತು, "ಡಬ್ಬಿ ಎಲ್ಲಿದು? ಚಪ್ಪಲ್ ಅಲ್ಲೇನು?" ಅಂದಳು. ಆಕೆಯ ತವರು ಗಡಿಯಾಚೆ, ಚಿಂಚೋಳಿ ಕಡೆ. "ನಮ್ಮ ತವರಾಗ ಚಪ್ಪಲ್ ಸಿಕ್ಕಾವ ಅಂತ ಹೇಳ್ತಾರ. ಅದೂ ವಿಕಾರಾಬಾದ್‌ದಾಗ ಅಲ್ಲ, ವಾಡಿ ಸ್ಟೇಶನ್‌ದಾಗ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಅಣ್ಣನ ಮುಖವೂ ಸಡಿಲಾಯಿತು. ನನಗೆ ಮಾತ್ರ ನಗು ಬರಲಿಲ್ಲ. ಕಥೆ ಸುಳ್ಳು ಎಂದು ಗೊತ್ತಾದರೆ ಅಂಜಿಕೆ ಹೋಗಬೇಕಲ್ಲವೇ? ನನ್ನ ತಲೆ ಹಾಗೆ ನಡೆಯಲಿಲ್ಲ. ಹಾಗಾದರೆ ಒಬ್ಬಳಲ್ಲ, ಒಂದೊಂದು ಜಂಕ್ಷನ್ನಿಗೂ ಒಬ್ಬೊಬ್ಬಳು ಎಂದುಕೊಂಡೆ.

ಕಡೆಗೆ ಅಣ್ಣ ಒಂದು ಷರತ್ತಿನ ಮೇಲೆ ಒಪ್ಪಿದ: ತಾಂಡೂರಿನ ತನಕ ನಾನು ಜೊತೆಗೆ ಹೋಗಬೇಕು. ಕಾಕಾ ಎದ್ದು ಹುಡುಗಿಯ ತಲೆ ಮುಟ್ಟಿದರು. "ಹೋಗು ತಾಯಿ, ಖುಷೀಲೆ ಹೋಗು. ಏನರ ಆದ್ರ ನಿಮ್ಮಪ್ಪ ಉಳಿಯಲ್ಲ, ಅಷ್ಟೇ. ನಾ ಅಂಜಸ್ಲತ್ತಿಲ್ಲ, ಇದ್ದದ್ದು ಹೇಳ್ಲತ್ತೀನಿ."

ಹುಡುಗಿ ಆಗ ನಗಲಿಲ್ಲ.

ಭಾನುವಾರ ಜಹೀರಾಬಾದಿನಲ್ಲಿ ರೈಲು ಹತ್ತಿದೆವು. ಬಸ್ಸಿನಲ್ಲಿ ದೂರ ಹೋದರೆ ಅವಳಿಗೆ ವಾಂತಿಯಾಗುತ್ತದೆ, ಅದಕ್ಕೇ ರೈಲು. ವೈನಿ ಸ್ಟೀಲಿನ ಡಬ್ಬಿಯಲ್ಲಿ ಜೋಳದ ರೊಟ್ಟಿ, ಶೇಂಗಾ ಹಿಂಡಿ ಅನ್ನುವ ಚಟ್ನಿಪುಡಿ, ಪುಂಡಿಪಲ್ಯ ಕಟ್ಟಿಕೊಟ್ಟಿದ್ದಳು. ಆ ಡಬ್ಬಿಯನ್ನು ನಾನು ಮುಟ್ಟಲಿಲ್ಲ, ಹುಡುಗಿಯೇ ಚೀಲಕ್ಕೆ ಹಾಕಿಕೊಂಡಳು. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಡು ಎಂದು ಹೇಗೆ ಹೇಳುವುದು?

ದಾರಿಯಲ್ಲಿ ಎದುರಿನ ಗಾಡಿಗಾಗಿ ನಮ್ಮದನ್ನು ಒಂದು ಕಡೆ ನಿಲ್ಲಿಸಿದರು. ನಿಂತದ್ದು ನಿಂತೇ ಇತ್ತು. ವಿಕಾರಾಬಾದಿನಲ್ಲಿ ಇಳಿದು ಮೇಲ್ಸೇತುವೆ ಹತ್ತುವಾಗ ತಾಂಡೂರಿನ ಗಾಡಿಯ ಕಡೆಯ ಬೋಗಿ ನಮ್ಮ ಕಾಲಡಿಯಲ್ಲೇ ಸರಿದು ಹೋಯಿತು. ನಾನು ಕಂಬಿ ಹಿಡಿದು ನಿಂತೆ.

"ಇನ್ನೊಂದು ಗಾಡಿ ಅದ ಅತ್ಯಾ, ಸಂಜೀಕ" ಅಂದಳು ಅವಳು ಫೋನು ನೋಡಿ. "ಯಾಕ ಹಂಗ ನಿಂತಿ? ಕಾಲು ನೋಯ್ತದೇನು?"

ಬೆಂಚುಗಳು ಕಲ್ಲಿನವೇ. ತಾಂಡೂರಿನ ಬೂದುಗಲ್ಲು, ಕೂತವರ ಬಟ್ಟೆಗೆ ಉಜ್ಜಿ ಉಜ್ಜಿ ನಯವಾದದ್ದು. ನಾನು ಬೇರೆ ಕಡೆ ಕೂಡೋಣ ಅಂದೆ. ಬೇರೆ ಎಲ್ಲವೂ ತುಂಬಿದ್ದವು. ಕೂತೆವು. ಬಿಸಿಲಿನಲ್ಲೂ ಕಲ್ಲು ತಣ್ಣಗಿತ್ತು. ಮುಂದೆಯೇ ಒಬ್ಬ ಹೆಂಗಸು ಸೀತಾಫಲದ ಬುಟ್ಟಿ ಇಟ್ಟುಕೊಂಡಿದ್ದಳು. ಹುಡುಗಿ ಚೀಲದಿಂದ ಡಬ್ಬಿ ತೆಗೆದು ನಮ್ಮಿಬ್ಬರ ನಡುವೆ ಇಟ್ಟಳು.

"ಹಸಿವಿ ಆಗ್ಯದ. ತಿನ್ನಮ್."

"ಇಲ್ಲಿ ಬ್ಯಾಡ. ಗಾಡಿ ಹತ್ತಿ ತಿನ್ನು."

"ರೊಟ್ಟಿಗಿ ಟಿಕೇಟ್ ಬೇಕೇನು ಅತ್ಯಾ?"

"ಬ್ಯಾಡ ಅಂದ್ರ ಬ್ಯಾಡ."

ನನ್ನ ದನಿ ಕೇಳಿ ಅವಳು ಡಬ್ಬಿಯಿಂದ ಕೈ ತೆಗೆದಳು. ಹಸಿದುಕೊಂಡೇ ಕೂತಳು. ಬಿಸಿಲು ವಾಲಿತು. ನಾನು ಹಾದುಹೋಗುವ ಗಂಡಸರ ಮುಖ ನೋಡುತ್ತಿದ್ದೆ. ಮೀಸೆ ಇದ್ದವರನ್ನು ಬಿಟ್ಟುಬಿಡುತ್ತಿದ್ದೆ. ಪೊಲೀಸಿನವನೊಬ್ಬ ಹಾದುಹೋದ, ಅವನನ್ನೂ ನಂಬಲಿಲ್ಲ. ನೀರು ಕುಡಿಯಲು ಅವಳು ಎದ್ದರೆ ನಾನೂ ಎದ್ದೆ.

ಗೂಡ್ಸ್ ಗಾಡಿಯೊಂದು ಧಡಧಡ ಹಾದುಹೋಗುವಾಗ ಮೇಲೆ ಮೈಕಿನಲ್ಲಿ ಏನೋ ಹೇಳಿದರು. ಒಂದಕ್ಷರವೂ ಕೇಳಲಿಲ್ಲ. ಗೂಡ್ಸ್ ದಾಟಿತು. ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಮನುಷ್ಯ ನಮ್ಮ ಮುಂದೆ ನಿಂತ.

"ಎಕ್ಕಡಿಕಿ ಪೋವಾಲಮ್ಮಾ?" ಅಂದ. ಎಲ್ಲಿಗೆ ಹೋಗಬೇಕಮ್ಮಾ ಎಂದು.

ಮೀಸೆ ಇರಲಿಲ್ಲ ಅವನಿಗೆ.

"ತಾಂಡೂರು" ಅಂದಳು ಹುಡುಗಿ. ನಾನು ಅವಳ ಮುಂಗೈ ಹಿಡಿದೆ.

ತಾಂಡೂರಿನ ಗಾಡಿ ಇಲ್ಲಿಗೆ ಬರುವುದಿಲ್ಲ, ಈಗ ಆ ಕಡೆಯ ಪ್ಲಾಟ್‌ಫಾರ್ಮಿಗೆ ಬರುತ್ತದೆ, ಬೇಗ ಬನ್ನಿ ಎಂದು ಅವನು ತೆಲುಗಿನಲ್ಲಿ ಹೇಳಿ ಕೈ ತೋರಿಸಿದ. ನನ್ನ ಕಿವಿಯಲ್ಲಿ ಬೇಳೆ ಜರ್ರನೆ ಸರಿದ ಸಪ್ಪಳ. ಹುಡುಗಿ ಎದ್ದಳು. ನಾನು ಬಿಡಲಿಲ್ಲ.

"ಕೂಡು."

"ಅತ್ಯಾ, ಗಾಡಿ."

"ಅಂವ ಸುಳ್ಳು ಹೇಳ್ಲತ್ತಾನ. ಕೂಡು."

ಆ ಮನುಷ್ಯ ನನ್ನನ್ನು ವಿಚಿತ್ರವಾಗಿ ನೋಡಿ, ತಲೆಯಾಡಿಸಿ, ಸೇತುವೆ ಹತ್ತಿ ಹೋದ. ಹುಡುಗಿ ಫೋನಿನಲ್ಲಿ ಗಾಡಿ ಹುಡುಕಿದಳು, ನೆಟ್‌ವರ್ಕ್ ಸಿಗದೆ ಚಕ್ರ ತಿರುಗುತ್ತಲೇ ಇತ್ತು. ಸೀತಾಫಲದವಳು ಕತ್ತೆತ್ತಿ, "ಖರೇ ಅದನ್ರೀ ಅಕ್ಕ. ಮೈಕ್‌ದಾಗ ಅಂದ್ರಲ್ಲ. ಜಲ್ದಿ ಹೋಗ್ರಿ" ಅಂದಳು. ಆಕೆಯ ಮಾತನ್ನು ಕೇಳಿದ ಮೇಲೂ ನನ್ನ ಬೆರಳು ಬಿಚ್ಚಲಿಲ್ಲ. ದೂರದಲ್ಲಿ ಗಾಡಿ ಕಾಣಿಸಿತು. ಆ ಕಡೆಯ ಹಳಿಯ ಮೇಲೆ.

ಹುಡುಗಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಸಿಟ್ಟಿನಿಂದಲ್ಲ, ಕೂಸಿನ ಮುಷ್ಟಿ ಬಿಡಿಸಿದ ಹಾಗೆ. ಚೀಲ ಎತ್ತಿಕೊಂಡು ಓಡಿದಳು. ನಾನು ಹಿಂದೆ ಓಡಿದೆ. ಸೇತುವೆಯ ಮೆಟ್ಟಿಲ ಮೇಲೆ ಎದುರು ಬರುವ ಜನರ ನಡುವೆ ಸಿಕ್ಕಿಕೊಂಡೆ. ನಾನು ಆ ಕಡೆ ಇಳಿಯುವಾಗ ಗಾಡಿ ಅಲುಗಿತ್ತು. ಮಹಿಳೆಯರ ಬೋಗಿಯ ಬಾಗಿಲಲ್ಲಿ ಯಾರೋ ಅವಳ ರಟ್ಟೆ ಹಿಡಿದು ಒಳಗೆಳೆದುಕೊಂಡರು. ಅವಳು ಏನೋ ಕೂಗಿದಳು, ಕೈಯಲ್ಲಿ ಚೌಕಾಕಾರ ಮಾಡಿ ತೋರಿಸಿದಳು. ನನಗೆ ತಿಳಿಯಲಿಲ್ಲ. ಗಾಡಿ ಹೋಯಿತು.

ತಾಂಡೂರಿನ ತನಕ ಜೊತೆಗಿರುತ್ತೇನೆಂದು ಮಾತು ಕೊಟ್ಟು ಬಂದವಳು ನಾನು. ಅವಳು ಅಲ್ಲಿ ಒಬ್ಬಳು, ನಾನು ಇಲ್ಲಿ ಒಬ್ಬಳು. ಫೋನು ಮಾಡಿದೆ, ಹತ್ತಲಿಲ್ಲ. ಅನಂತಗಿರಿ ಗುಡ್ಡದ ಸಾಲಿನಲ್ಲಿ ಫೋನು ಹತ್ತುವುದಿಲ್ಲ ಎಂದು ಪಕ್ಕದವರು ಹೇಳಿದರು. ಕಾಲೆಳೆಯುತ್ತ ಈ ಕಡೆಗೆ ಬಂದೆ, ನನ್ನ ಚೀಲ ಇಲ್ಲೇ ಇತ್ತಲ್ಲ.

ಬೆಂಚಿನ ಮೇಲೆ ಡಬ್ಬಿ ಒಂದೇ ಇತ್ತು.

ನಾನು ಅಲ್ಲೇ ನಿಂತೆ. ಸಂಜೆಯಾಗಿತ್ತು. ಮುಚ್ಚಳ ತೆಗೆದಿರಲಿಲ್ಲ. ಸೀತಾಫಲದವಳು, "ಚೀಲ ನನ್ನ ಬಲ್ಲಿ ಅದ್ರೀ. ಡಬ್ಬಿ ಯಾರೂ ಮುಟ್ಟದಂಗ ನೋಡ್ಕೊಂಡೀನಿ. ಹುಡುಗಿಗಿ ಗಾಡಿ ಸಿಕ್ತಿಲ್ಲ?" ಎಂದು ಕೇಳಿದಳು. ನಾನು ಹೂಂ ಎಂದು ತಲೆಯಾಡಿಸಿ ಚೀಲ ತೆಗೆದುಕೊಂಡೆ.

ಅಷ್ಟರಲ್ಲಿ ಅಣ್ಣನ ಫೋನು ಬಂತು. ಗಾಡಿ ಹತ್ತಿದಳು, ನನಗೆ ಹತ್ತಲಾಗಲಿಲ್ಲ ಎಂದು ಹೇಳಿದೆ. ಫೋನನ್ನು ವೈನಿ ಕಸಿದುಕೊಂಡಳು. "ಉಂಡಾಳೇನು?"

"ಇಲ್ಲ. ಡಬ್ಬಿ ಇಲ್ಲೇ ಬೆಂಚಿನ ಮ್ಯಾಲ ಉಳೀತು."

ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಕಡೆ ಪಾತ್ರೆ ಬಿದ್ದ ಸಪ್ಪಳವಾಯಿತು. ಆಮೇಲೆ ಕಾಕಾನ ದನಿ, ದೂರದಿಂದ, ಮೆಲ್ಲಗೆ: "ನಾ ಏನಂದಿದ್ದೆ?"

ಅವಳ ಫೋನು ಬರುವ ತನಕ ನಾನು ಆ ಬೆಂಚಿನ ಮೇಲೆ ಕೂತದ್ದನ್ನು ಹೇಗೆ ಹೇಳಲಿ? ಕಥೆ ಹೇಳುವವಳಿಗೆ ಮಾತು ಇರಬೇಕು. ನನಗೆ ಇರಲಿಲ್ಲ. ಆಯಿ ಕಥೆಯಲ್ಲಿ ಹೇಳದೆ ಬಿಟ್ಟ ಜಾಗದಲ್ಲಿ ನಾನು ಕೂತಿದ್ದೆ. ಕಡೆಗೆ ಅವಳ ಫೋನು ಬಂತು.

"ಅತ್ಯಾ, ತಾಂಡೂರಿಗಿ ಬಂದೆ. ಮಿಲ್ಲಿನ ಅಕ್ಕ ಸ್ಟೇಶನ್‌ಗಿ ಬಂದಾರ. ಡಬ್ಬಿ ಡಬ್ಬಿ ಅಂತ ಎಷ್ಟು ಒದರಿದೆ, ಕೇಳಲಿಲ್ಲೇನು ನಿನಗ? ನೀ ತಿಂದುಬಿಡು. ಹಿಂಡಿ ಛಲೋ ಆಗ್ಯದ, ಮುಂಜಾನಿ ಕದ್ದು ತಿಂದೀನಿ."

ಜಹೀರಾಬಾದಿನ ಗಾಡಿಯಲ್ಲಿ ಕೂತು ಮುಚ್ಚಳ ತೆಗೆದೆ. ರೊಟ್ಟಿ ಮುರಿಯುವಾಗ ಹಿಂಡಿ ಸೀರೆಯ ಮೇಲೆ ಚೆಲ್ಲಿತು. ಎಲ್ಲವನ್ನೂ ತಿಂದೆ. ಆಯಿಯ ಆ ಹುಡುಗಿ ಇದ್ದದ್ದೇ ಆದರೆ, ಅವಳೂ ಹೀಗೇ ಓಡಿ ಗಾಡಿ ಹಿಡಿದಿರಬಹುದು ಎಂದು ಆಗ ಮೊದಲ ಸಲ ಅನ್ನಿಸಿತು. ಓದಿರಬಹುದು. ಈಗಲೂ ತಾಂಡೂರಿನಲ್ಲೇ ಎಲ್ಲೋ ಮೊಮ್ಮಕ್ಕಳನ್ನು ಬೈಯುತ್ತ ಇರಬಹುದು.

ಹುಡುಗಿ ಕೆಲಸದಲ್ಲಿದ್ದಾಳೆ. ಅಣ್ಣ ಅವಳು ಕೊಡಿಸಿದ ಫೋನಿನಲ್ಲಿ ಎಲ್ಲರಿಗೂ ಅವಳ ಮಿಲ್ಲಿನ ಫೋಟೋ ತೋರಿಸುತ್ತಾನೆ. ಕಾಕಾ ಒಂದೇ ಮಾತು ಅಂದರು: "ಒಳ್ಳೇದಾತು. ಈ ಸಲ ಒಳ್ಳೇದಾತು."

ಕೆಲವು ತಿಂಗಳಾದ ಮೇಲೆ ನಾರಾಯಣಖೇಡದಲ್ಲಿ ನೆಂಟರ ಮನೆಯ ಕುಬಸಕ್ಕೆ ಹೋಗಿದ್ದೆ. ಬಸುರಿಗೆ ಬಳೆ ತೊಡಿಸಿ, ಉಡಿ ತುಂಬಿ, ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದೆವು. ನನಗೆ ಅಷ್ಟಾಗಿ ಗುರುತಿಲ್ಲದ ಒಬ್ಬ ಹಿರಿಯಾಕೆ ದನಿ ತಗ್ಗಿಸಿ ಮಾತಾಡುತ್ತಿದ್ದಳು.

"ಇದು ಹಳೀದಲ್ಲವ್ವಾ, ಈಗಿಂದು. ಮನೂರ್ ಕಡಿ ಹುಡುಗಿ. ನೌಕರಿಗಂತ ತಾಂಡೂರಿಗಿ ಹೊಂಟಿದ್ಳು. ಜೋಡಿಗಿ ಅತ್ಯಾ ಇದ್ಳಂತ. ಅತ್ಯಾ ಇದ್ರೇನು, ಆಕಡಿ ಜರಾ ತಿರುಗ್ಯಾಳ, ಅಷ್ಟೇ. ಬೆಂಚಿನ ಮ್ಯಾಲ ಡಬ್ಬಿ ಒಂದೇ."

ಆಕೆ ಎಷ್ಟು ಚೆನ್ನಾಗಿ ಹೇಳಿದಳೆಂದರೆ, ಒಂದು ಗಳಿಗೆ ನಾನೂ ನಂಬಿದೆ. ಎದ್ದು ಹುಡುಗಿಗೆ ಫೋನು ಮಾಡಬೇಕು ಅನ್ನಿಸಿತು.

"ಆಕಿ ನಮ್ಮ ಅಣ್ಣನ ಮಗಳ್ರೀ" ಅಂದೆ. "ಏನೂ ಆಗಿಲ್ಲ. ಗಾಡಿ ಹಿಡ್ಯಾಕ ಓಡ್ಯಾಳ. ಡಬ್ಬಿ ನಾನೇ ತಂದೀನಿ. ರೊಟ್ಟೀನೂ ನಾನೇ ತಿಂದೀನಿ."

ಎಲ್ಲರೂ ನನ್ನನ್ನು ನೋಡಿದರು. ಹಿರಿಯಾಕೆ ಕರುಣೆಯಿಂದ ನಕ್ಕಳು. "ಹಂಗಿದ್ರ ನಿಮ್ದು ಬ್ಯಾರೆ ಹುಡುಗಿ ಇರಬೇಕ್ರೀ. ಪುಣ್ಯ ಮಾಡೀರಿ. ನಾ ಹೇಳೋದು ಡಬ್ಬಿ ಮುಚ್ಚಳ ತಗೀದೇ ಇದ್ದ ಹುಡುಗಿದು."

ಬಳೆಯ ಬುಟ್ಟಿಯ ಹತ್ತಿರ ಕೂತಿದ್ದ ಆ ಮನೆಯ ಮಗಳು, ಕಾಲೇಜಿಗೆ ಹೋಗುವ ವಯಸ್ಸಿನವಳು, ಇಷ್ಟು ಹೊತ್ತು ಆಕೆಯನ್ನೇ ನೋಡುತ್ತಿದ್ದಳು. ಈಗ ನನ್ನ ಕಡೆ ತಿರುಗಿದಳು. ಅವಳ ಮುಖ ಬಿಳಿಚಿಕೊಂಡಿತ್ತು. ನಾನು ಎದ್ದು ಹೋಗಿ ಅವಳ ಪಕ್ಕ ಕೂತೆ.

"ರೊಟ್ಟಿ ಜೋಡಿ ಏನಿತ್ರಿ?" ಎಂದು ಅವಳು ಮೆಲ್ಲಗೆ ಕೇಳಿದಳು.

"ಶೇಂಗಾ ಹಿಂಡಿ, ಪುಂಡಿಪಲ್ಯ" ಅಂದೆ. "ಹಿಂಡಿಗಿ ಉಪ್ಪು ಜರಾ ಮುಂದಾಗಿತ್ತು."